ಯಾರ ಕೈಯಿಂದ ಬಿತ್ತು

ಚಿಕ್ಕಲಸಂದ್ರ, ಬೆಂಗಳೂರು
12 ಜನವರಿ 2025

ಚಿಕ್ಕಮ್ಮನಿಗೆ ಹೇಮಶ್ರೀಯ ನಮಸ್ಕಾರ.

ನಿಮ್ಮ ಅಕ್ಕನ ಮಗಳು ನಾನು. ನಾವಿಬ್ಬರು ಮುಖ ನೋಡಿಕೊಂಡದ್ದು ಯಾವಾಗ ಎಂದು ನನಗೆ ನೆನಪಿಲ್ಲ, ನಿಮಗೆ ಇರಬಹುದು. ಪ್ರತಿ ಯುಗಾದಿಗೆ ಕೊಪ್ಪಳದಿಂದ ನೀವು ಕಳಿಸುವ ಪಾರ್ಸೆಲ್ಲಿನ ಮೇಲೆ ವಿಳಾಸವಿರುತ್ತದೆ. ಅದನ್ನು ನೋಡಿ ಬರೆಯುತ್ತಿದ್ದೇನೆ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡಿ. ಬನ್ನೇರುಘಟ್ಟ ರಸ್ತೆಯ ಒಂದು ಸಂಶೋಧನಾ ಕೇಂದ್ರದಲ್ಲಿ ನನ್ನಂತೆ ಸೆರೆಬ್ರಲ್ ಪಾಲ್ಸಿ ಇರುವ ಹುಡುಗ ಹುಡುಗಿಯರ ಅಧ್ಯಯನ ನಡೆಯುತ್ತಿದೆ. ನಮ್ಮ ಮಿದುಳಿನ ರಚನೆ ಹೇಗಿದೆ, ಕೈಕಾಲು ಹೇಗೆ ಆಡುತ್ತವೆ, ಎರಡಕ್ಕೂ ಏನು ನಂಟು ಎಂದು ನೋಡುತ್ತಾರಂತೆ. ನಾಲ್ಕು ತಿಂಗಳು ಮನೆಯಲ್ಲಿ ಎರಡೂ ಕೈ ಬಳಸುವ ಅಭ್ಯಾಸ, ನಡುವೆ ಒಂದು ದಿನ ಎಂಆರ್‌ಐ. ಅಭ್ಯಾಸ ಮಾಡಿಸುವ ಮೈತ್ರೇಯಿ ಮೇಡಂ ನನಗೆ ಕೊಟ್ಟ ಕೆಲಸ ಇದು: ಬಲಗೈ ಬರೆಯುವಾಗ ಎಡಗೈ ಕಾಗದವನ್ನು ಒತ್ತಿ ಹಿಡಿದಿರಬೇಕು. “ಸುಮ್ನೆ ಕಾಪಿ ಬರೀಬೇಡ, ಬೇಜಾರಾಗುತ್ತೆ. ಯಾರಿಗಾದ್ರೂ ಲೆಟರ್ ಬರಿ” ಎಂದರು. ಗೆಳತಿಯರೆಲ್ಲ ಫೋನಿನಲ್ಲೇ ಸಿಗುತ್ತಾರೆ. ಫೋನಿನಲ್ಲಿ ಸಿಗದ ನೆಂಟರು ನನಗೆ ನೀವೊಬ್ಬರೇ.

ನಾನು ಬಿ.ಕಾಂ. ಮುಗಿಸಿ ಪದ್ಮನಾಭನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ, ಒಂದೇ ಕೈಯಲ್ಲಿ. ಎಡಗಾಲು ಸ್ವಲ್ಪ ಎಳೆಯುತ್ತದೆ. ಹುಟ್ಟಿದಾಗಿನಿಂದ ಯಾರಾದರೊಬ್ಬರು “ಇನ್ನೊಂದ್ಸಲ ಮಾಡು” ಎನ್ನುತ್ತಲೇ ಇದ್ದಾರೆ. ಸಾಕಾಗಿದೆ. ಇದಕ್ಕೂ ಅಮ್ಮನ ಒತ್ತಾಯಕ್ಕೆ ಒಪ್ಪಿಕೊಂಡೆ.

ಬಿಡುವಾದರೆ ಎರಡು ಸಾಲು ಬರೆಯಿರಿ.

ಹೇಮಶ್ರೀ


ಕೊಪ್ಪಳ
27 ಜನವರಿ 2025

ಚಿ. ಹೇಮಶ್ರೀಗೆ ಆಶೀರ್ವಾದ.

ಕಾಗದ ತಲುಪಿತು. ಈ ಹಾಸ್ಟೆಲ್ಲಿಗೆ ಬರುವುದೆಲ್ಲ ಇಲಾಖೆಯ ಲಕೋಟೆಗಳೇ ಆದ್ದರಿಂದ ನಿನ್ನದೂ ಎರಡು ದಿನ ಅವುಗಳ ನಡುವೆಯೇ ಬಿದ್ದಿತ್ತು. ಅಕ್ಷರ ಚೆನ್ನಾಗಿದೆ.

ಇಲ್ಲಿ ಎಂಬತ್ತು ಹುಡುಗಿಯರು, ವಾರ್ಡನ್ ನಾನೊಬ್ಬಳು. ನೀರಿನ ಮೋಟಾರು ಕೆಟ್ಟು ನಾಲ್ಕು ದಿನವಾಯಿತು. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ನೀನು ನನಗೆ ಬರೆಯುವುದು ನಿಮ್ಮಮ್ಮನಿಗೆ ಗೊತ್ತೇ? ಇಲ್ಲದಿದ್ದರೆ ಹೇಳಿ ಬರೆ. ಅವಳ ಸೊಂಟನೋವು ಈಗ ಹೇಗಿದೆ?

ವಿಮಲಾ


ಚಿಕ್ಕಲಸಂದ್ರ
10 ಫೆಬ್ರವರಿ 2025

ಚಿಕ್ಕಮ್ಮನಿಗೆ ನಮಸ್ಕಾರ.

ಅಮ್ಮನಿಗೆ ಹೇಳಿದೆ. “ವಿಮ್ಲಿಗಾ?” ಎಂದು ಕೇಳಿ ಒಲೆಯ ಕಡೆ ತಿರುಗಿಕೊಂಡಳು. ಬೇಡ ಎನ್ನಲಿಲ್ಲ. ಅವಳ ಸೊಂಟನೋವು ಹಾಗೆಯೇ ಇದೆ. ಅದು ನಿಮಗೆ ಹೇಗೆ ಗೊತ್ತು?

ಮೊನ್ನೆ ಎಂಆರ್‌ಐ ಆಯಿತು. ಬನಶಂಕರಿಯಲ್ಲಿ ಬಸ್ ಬದಲಿಸಿ ಹೋಗುವಷ್ಟರಲ್ಲೇ ಅರ್ಧ ಸುಸ್ತು. ಒಂದು ಕೊಳವೆಯೊಳಗೆ ಮಲಗಿಸಿದರು. ತಲೆಯ ಪಕ್ಕದಲ್ಲೇ ಯಾರೋ ಗೋಡೆ ಕೊರೆದಂತೆ ನಲವತ್ತು ನಿಮಿಷ ಶಬ್ದ. ಅಲ್ಲಾಡಬಾರದು ಎಂದರೆ ನನ್ನ ಎಡಗೈಗೆ ಅರ್ಥವಾಗುವುದಿಲ್ಲ, ಅದಕ್ಕೊಂದು ಮರಳಿನ ಚೀಲ ಹೇರಿದರು.

ಆಮೇಲೆ ಕೈ ಪರೀಕ್ಷೆ. ಬಲಗೈಯನ್ನು ಮುಚ್ಚಿ ತೆರೆ ಎಂದರು. ನಾನು ಬಲಗೈಯನ್ನು ಮುಚ್ಚಿದರೆ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಎಡಗೈಯೂ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಬೇಕೆಂದಾಗ ಮುಚ್ಚದ ಕೈ! ಮೈತ್ರೇಯಿ ಮೇಡಂ ಅದನ್ನು ಮೂರು ಸಲ ವಿಡಿಯೋ ಮಾಡಿಕೊಂಡರು. ಎಡಗೈಯನ್ನು ಆಡಿಸಬೇಕಾದ ಬಲಮಿದುಳಿನ ದಾರಿ ಕೆಟ್ಟಿರುವುದರಿಂದ ಎಡಮಿದುಳೇ ಎರಡೂ ಕೈಗಳ ಕೆಲಸ ನೋಡಿಕೊಳ್ಳುತ್ತಿರಬಹುದು ಎಂದರು.

ಕಾಯುವಾಗ ಒಂದು ಫಾರಂ ತುಂಬಬೇಕಿತ್ತು. “ಹುಟ್ಟಿದ ಮೇಲೆ ತಲೆಗೆ ಪೆಟ್ಟಾಗಿತ್ತೇ?” ಎಂಬ ಪ್ರಶ್ನೆ. ಹೌದು ಎಂದು ಬರೆದೆ. ಅಪ್ಪನ ಅಮ್ಮ, ನಮ್ಮ ಮಂಗಮ್ಮಜ್ಜಿ, ಮನೆಗೆ ಬಂದವರಿಗೆಲ್ಲ ಹೇಳುವುದು ಅದನ್ನೇ. ಬಾಡಿಗೆಗೆ ಬಂದವರಿಗೂ ಬಿಟ್ಟಿಲ್ಲ. “ಹುಟ್ಟಿದಾಗ ಚಿನ್ನದಂಗಿದ್ಲು ಕಣವ್ವ. ನಾಕ್ ತಿಂಗ್ಳ ಕೂಸು, ಇವ್ಳ ಚಿಕ್ಕಮ್ಮ ಕೈಯಿಂದ ಕೆಳೀಕೆ ಹಾಕ್ಬುಟ್ಲು.” ಅಜ್ಜಿ ಇದನ್ನು ಶುರು ಮಾಡಿದರೆ ಅಮ್ಮ ಎದ್ದು ಒಳಗೆ ಹೋಗುತ್ತಾಳೆ. ನಿಮ್ಮ ಪಾರ್ಸೆಲ್ಲನ್ನೂ ಎರಡು ದಿನ ಬಿಚ್ಚುವುದಿಲ್ಲ. ಅವಳ ಸಿಟ್ಟು ಇನ್ನೂ ಆರಿಲ್ಲ ಎಂದುಕೊಂಡಿದ್ದೇನೆ.

ನಿಜವೇ ಎಂದು ಯಾರೂ ನಿಮ್ಮನ್ನು ಕೇಳಿದ ಹಾಗಿಲ್ಲ. ನಾನು ಕೇಳುತ್ತೇನೆ. ನಿಮ್ಮ ಕೈಯಿಂದಲೇ ನಾನು ಬಿದ್ದದ್ದೇ? ಸಿಟ್ಟಿಲ್ಲ, ಚಿಕ್ಕಮ್ಮ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಇರಬೇಕು.

ಹೇಮಶ್ರೀ


ಕೊಪ್ಪಳ
3 ಮಾರ್ಚ್ 2025

ಹೇಮಶ್ರೀಗೆ,

ಉತ್ತರ ತಡವಾಯಿತು. ಪರೀಕ್ಷೆಯ ಕಾಲ.

ಹೌದು, ನನ್ನ ಕೈಯಿಂದಲೇ. ನಿಮ್ಮಜ್ಜಿ ಹೇಳುವುದರಲ್ಲಿ ಸುಳ್ಳಿಲ್ಲ. ಆಗ ನನಗೆ ಹದಿನೆಂಟು. ನಮ್ಮಮ್ಮ ಇಲ್ಲದ ಕಾರಣ ಅಕ್ಕನ ಬಾಣಂತನಕ್ಕೆಂದು ನಿಮ್ಮ ಮನೆಗೆ ಬಂದಿದ್ದೆ. ಆದದ್ದು ಆಗಿಹೋಯಿತು. ಕ್ಷಮೆ ಕೇಳುವುದು ಹೇಗೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

ಒಂದು ಮಾತು ನಡೆಸಿಕೊಡು. ಈ ವಿಷಯವಾಗಿ ನಿಮ್ಮಮ್ಮನನ್ನು ಏನೂ ಕೇಳಬೇಡ.

ವಿಮಲಾ


ಚಿಕ್ಕಲಸಂದ್ರ
17 ಮಾರ್ಚ್ 2025

ಚಿಕ್ಕಮ್ಮ,

ಕುಳಿತುಕೊಂಡು ಓದಿ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ಗೊತ್ತಾಗಬೇಕಾದದ್ದು ನಿಮಗೆ.

ಶನಿವಾರ ಅಲ್ಲಿನ ಡಾಕ್ಟರ್ ಶಿವರಾಮ್ ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ನನ್ನ ಮಿದುಳು ತೋರಿಸಿದರು. ನಡುವೆ ಎರಡು ಕಪ್ಪು ಜಾಗಗಳಿವೆ, ನೀರು ತುಂಬಿದ ಕೋಣೆಗಳಂತೆ. ಎಲ್ಲರಿಗೂ ಇರುತ್ತವಂತೆ. ನನ್ನ ಎಡಗಡೆಯದು ಸಣ್ಣದಾಗಿ, ಅಂಚು ನೀಟಾಗಿ ಇದೆ. ಬಲಗಡೆಯದು ಗೋಡೆ ಒಡೆದು ಪಕ್ಕಕ್ಕೆ ಚಾಚಿಕೊಂಡಂತಿದೆ. ಕೈಕಾಲಿಗೆ ಅಪ್ಪಣೆ ಒಯ್ಯುವ ಬಿಳಿಯ ಎಳೆಗಳು ಇರಬೇಕಾದ ಜಾಗ ಅದು.

“ಫಾರಂನಲ್ಲಿ ನಾಲ್ಕನೇ ತಿಂಗಳಲ್ಲಿ ಬಿದ್ದಿದ್ದು ಅಂತ ಬರ್ದಿದ್ದೀರಿ. ಅದರಿಂದ ಅಲ್ಲಮ್ಮ ಇದು” ಎಂದರು. “ಬಿದ್ದು ಆದ ಗಾಯ ಬೇರೆ ಥರ ಕಾಣುತ್ತೆ. ಇದು ನೀವು ಹೊಟ್ಟೆಯಲ್ಲಿದ್ದಾಗ, ಎಂಟನೇ ತಿಂಗಳಿಗೂ ಮುಂಚೆ ಆಗಿರೋದು. ಸಣ್ಣ ರಕ್ತನಾಳ ಕಟ್ಟಿಕೊಂಡಿರುತ್ತೆ.”

“ನಾಲ್ಕು ತಿಂಗಳವರೆಗೂ ಚೆನ್ನಾಗಿದ್ಲು ಅಂತಾರಲ್ಲ ಸಾರ್ ಮನೇಲಿ?”

“ಅಷ್ಟು ಚಿಕ್ಕ ಮಗು ಕೈಯಲ್ಲಿ ಏನು ಹಿಡಿಯುತ್ತೆ? ಹಿಡಿಯೋ ವಯಸ್ಸು ಬಂದಾಗಲೇ ಒಂದು ಕೈ ಮುಂದೆ ಬರ್ತಿಲ್ಲ ಅಂತ ಗೊತ್ತಾಗೋದು. ಬಿದ್ದಿದ್ದೂ ಅದೇ ಹೊತ್ತಿಗೆ ಆಗಿದೆ. ಜನ ಎರಡನ್ನೂ ಸೇರಿಸಿಬಿಡ್ತಾರೆ.”

ಏಕೆ ಹಾಗಾಯಿತು ಎಂದೂ ಕೇಳಿದೆ. ಬಹಳ ಸಲ ಕಾರಣ ಸಿಗುವುದಿಲ್ಲವಂತೆ. ತಾಯಿ ಏನೋ ಮಾಡಿದ್ದರಿಂದ, ಮಾಡದೆ ಇದ್ದದ್ದರಿಂದ ಆಗುವಂಥದ್ದಲ್ಲವಂತೆ. ಇಷ್ಟನ್ನೂ ಕನ್ನಡದಲ್ಲಿ ಬರೆದುಕೊಡಿ ಎಂದೆ. ಬರೆದುಕೊಟ್ಟರು. ಸ್ಕ್ಯಾನು ಮೊದಲೇ ಏಕೆ ಆಗಿರಲಿಲ್ಲ ಎಂದರೆ, ನಾನು ಚಿಕ್ಕವಳಿದ್ದಾಗ ಕಾಯಿಲೆಯ ಹೆಸರು ಗೊತ್ತಾದ ಮೇಲೆ ಇನ್ನೇನು ನೋಡುವುದಿದೆ ಎಂದು ಯಾರೋ ಹೇಳಿದ್ದರಂತೆ.

ಬಸ್ ಸ್ಟಾಪಿನಲ್ಲಿ ಎರಡು ಬಸ್ ಬಿಟ್ಟು ಕುಳಿತಿದ್ದೆ. ಅಜ್ಜಿಯ ಮಾತು ಕೇಳಿ ಕೇಳಿ, ನನಗಿಂತ ಮೊದಲು ಒಬ್ಬಳು ಚಿನ್ನದಂಥ ಮಗು ಇದ್ದಳು, ಅವಳು ಹಾಳಾಗಿ ನಾನು ಉಳಿದೆ ಎಂದೇ ಬೆಳೆದಿದ್ದೆ. ಅಂಥ ಮಗು ಇರಲೇ ಇಲ್ಲ. ಮೊದಲಿನಿಂದಲೂ ಇದ್ದವಳು ನಾನೇ. ಇದಕ್ಕೆ ಸಂತೋಷಪಡಬೇಕೋ ಏನೋ, ತಿಳಿಯಲಿಲ್ಲ.

ನೀವಂತೂ ಸಂತೋಷಪಡಿ. ನೀವು ಬೀಳಿಸಿದರೂ ನನಗೇನೂ ಆಗಿಲ್ಲ. ಇಪ್ಪತ್ತೆರಡು ವರ್ಷ ಹೊತ್ತದ್ದನ್ನು ಈಗ ಇಳಿಸಿ.

ಹೇಮಶ್ರೀ


ಕೊಪ್ಪಳ
22 ಮಾರ್ಚ್ 2025

ಹೇಮಾ,

ಕಾಗದ ಈಗಷ್ಟೇ ಬಂತು. ನಿಂತಲ್ಲೇ ಬರೆಯುತ್ತಿದ್ದೇನೆ.

ಡಾಕ್ಟರು ಬರೆದುಕೊಟ್ಟದ್ದನ್ನು ನಿಮ್ಮಮ್ಮನಿಗೆ ಓದಿ ಹೇಳು. ಅಜ್ಜಿಯ ಮುಂದೆ ಬೇಡ, ಅವಳೊಬ್ಬಳೇ ಇದ್ದಾಗ. ನಿಧಾನವಾಗಿ, ಎಷ್ಟು ಸಲ ಕೇಳಿದರೆ ಅಷ್ಟು ಸಲ ಓದು. ತಾಯಿ ಮಾಡಿದ್ದರಿಂದ ಅಲ್ಲ ಎಂಬ ಮಾತನ್ನು ಬಿಡಬೇಡ. ಓದಿದ ಮೇಲೆ ಅವಳನ್ನು ಒಬ್ಬಳೇ ಬಿಟ್ಟು ಏಳಬೇಡ.

ಏಕೆಂದು ನನ್ನನ್ನು ಕೇಳಬೇಡ. ನನ್ನದು ಇರಲಿ.

ವಿಮಲಾ


ಚಿಕ್ಕಲಸಂದ್ರ
7 ಏಪ್ರಿಲ್ 2025

ಚಿಕ್ಕಮ್ಮ,

ಈ ಯುಗಾದಿಗೆ ನಿಮ್ಮ ಪಾರ್ಸೆಲ್ ಬರಲಿಲ್ಲ. ಅಮ್ಮ ಗೇಟಿನ ಕಡೆ ನೋಡಿದ್ದನ್ನು ಕಂಡೆ.

ನಿನ್ನೆ ಅಪ್ಪ ಅಜ್ಜಿಯನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರು. ಅಮ್ಮ ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಪಕ್ಕದಲ್ಲಿ ಕುಳಿತು ಓದಿದೆ.

“ಬಿದ್ದಿದ್ದರಿಂದ ಅಲ್ವಂತಾ?” ಎಂದಳು.

“ಅಲ್ವಂತೆ.”

“ಇನ್ನೊಂದ್ಸಲ ಓದು.”

ನಾಲ್ಕು ಸಲ ಓದಿದೆ. ಅವಳ ಕೈಯಲ್ಲಿದ್ದ ಹಿಟ್ಟು ಒಣಗಿತು.

“ಹಾಗಾದ್ರೆ ನನ್ನ ಹೊಟ್ಟೇಲೇ ಆಯ್ತಾ? ನಾನೇನ್ ಮಾಡ್ಕೊಂಡ್ನೋ ಆಗ...”

“ಅಮ್ಮಾ, ನಿನ್ನಿಂದ ಅಲ್ಲ ಅಂತ ಕೆಳಗಡೆ ಬರ್ದಿದೆ ನೋಡು. ಒಂದು ಬಿಟ್ರೆ ಇನ್ನೊಂದು ಹಿಡ್ಕೋಬೇಡ.”

ಗಾಳಿಗೆ ಮಡಚಿದ್ದ ಪಂಚೆಯ ಅಂಚನ್ನು ಸರಿಮಾಡಿದಳು. ಆಮೇಲೆ, “ವಿಮ್ಲಿ ಬೀಳಿಸ್ಲಿಲ್ಲ ಕಣೇ” ಎಂದಳು.

“ಅದೇ ಅಲ್ವಾಮ್ಮ ನಾನ್ ಓದಿದ್ದು. ಬಿದ್ದಿದ್ದರಿಂದ ಏನೂ ಆಗಿಲ್ಲ.”

“ಅದಲ್ಲ ಹೇಮಾ. ವಿಮ್ಲಿ ಕೈಯಿಂದ ನೀನು ಬೀಳ್ಲೇ ಇಲ್ಲ. ಮಧ್ಯಾಹ್ನ ಹಾಲು ಕುಡಿಸ್ತಾ ನಂಗೆ ಜೊಂಪು ಹತ್ತಿಬಿಡ್ತು. ನನ್ನ ತೊಡೆ ಮೇಲಿಂದ ಜಾರಿದ್ದು ನೀನು. ಮಂಚದಿಂದ ನೆಲಕ್ಕೆ. ನಾನು ಕಣ್ಣು ಬಿಡೋಷ್ಟ್ರಲ್ಲಿ ವಿಮ್ಲಿ ಎತ್ಕೊಂಡಿದ್ಲು. ನಿಮ್ಮಜ್ಜಿ ಓಡಿಬಂದು ಯಾರ ಕೈಯಿಂದ ಬಿತ್ತು ಅಂದ್ರು. ಅವ್ಳು ನನ್ನ ಕೈಯಿಂದ ಅಂದ್ಲು. ನಾನು ಬಾಯಿ ಬಿಡ್ಲಿಲ್ಲ.”

ಅವಳು ಅಳಲಿಲ್ಲ. ಮೊಣಕೈಯವರೆಗೂ ಹಿಟ್ಟು ಮಾಡಿಕೊಂಡು ಕುಳಿತಿದ್ದಳು. “ಆಮೇಲೆ ಅವ್ಳ ಮುಖ ನೋಡೋಕೇ ಆಗ್ಲಿಲ್ಲ ನಂಗೆ. ಫೋನಲ್ಲಿ ಅವ್ಳ ದನಿ ಕೇಳಿದ್ರೂ ಎಲ್ಲಿ ಎಲ್ಲಾ ಹೇಳ್ಬಿಡ್ತೀನೋ ಅಂತ...” ಎಂದಳು. ಇದನ್ನು ಇಷ್ಟು ವರ್ಷ ನಾನು ಸಿಟ್ಟು ಎಂದುಕೊಂಡಿದ್ದೆ.

ನೀನು ಹೇಳಿದಂತೆ ಅವಳನ್ನು ಬಿಟ್ಟು ಏಳಲಿಲ್ಲ. ಉಳಿದ ಸಂಡಿಗೆಯನ್ನು ನಾನೇ ಇಟ್ಟೆ. ಸೊಟ್ಟಸೊಟ್ಟಗೆ ಬಂದವು.

ಆದರೆ ಚಿಕ್ಕಮ್ಮ, ನೀನು ನನಗೂ ಸುಳ್ಳು ಹೇಳಿದೆ. ಬೀಳಿಸಿದೆಯಾ ಎಂದು ಕೇಳಿದರೆ ಹೌದು ಎಂದು ಬರೆದು ಸಹಿ ಹಾಕಿದೆ. ನನ್ನ ತಲೆಯೊಳಗಿನ ವಿಷಯ ಇದು. ನೀವಿಬ್ಬರೂ ಸೇರಿ ಅದನ್ನು ನಿಮ್ಮ ನಡುವಿನ ಗುಟ್ಟು ಮಾಡಿಕೊಂಡಿರಿ. ಈಗ ನನಗೆ ಸಿಟ್ಟು ಬಂದಿದೆ. ‘ನೀವು’ ಎಂದು ಬರೆಯಲು ಆಗುತ್ತಿಲ್ಲ.

ಹೇಮಾ


ಕೊಪ್ಪಳ
21 ಏಪ್ರಿಲ್ 2025

ಹೇಮಾ,

ನೀನು ಎಂದೇ ಬರೆ. ಎಂಬತ್ತು ಹುಡುಗಿಯರು ನನಗೆ ‘ರೀ’ ಹಚ್ಚಿ ಮಾತಾಡುತ್ತಾರೆ, ಅದು ಸಾಕು.

ಸಿಟ್ಟು ಮಾಡಿಕೊಂಡದ್ದು ಸರಿ. ನೀನು ಕೇಳಿದಾಗ ನಿಜ ಬರೆಯಬೇಕೆಂದು ಮೂರು ಸಲ ಕುಳಿತೆ. ಅದು ನಿಮ್ಮಮ್ಮ ಹೇಳಬೇಕಾದ ಮಾತು. ನಾನು ಹೇಳಿದರೆ ಚಾಡಿಯಾಗುತ್ತಿತ್ತು.

ಆಗ ಅಕ್ಕನಿಗೆ ಇಪ್ಪತ್ತೊಂದು. ನೀನು ಬಹಳ ಅಳುತ್ತಿದ್ದೆ. ನಾಲ್ಕು ತಿಂಗಳಲ್ಲಿ ಅವಳು ಒಂದು ದಿನವೂ ಕಣ್ತುಂಬ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಸೊಂಟ ಹಿಡಿದುಕೊಂಡೇ ಓಡಾಡುತ್ತಿದ್ದಳು. ನೀನು ಬೀಳುವ ಹಿಂದಿನ ವಾರವಷ್ಟೇ ನಿಮ್ಮಜ್ಜಿ, “ಕೂಸು ನೋಡ್ಕಳಕ್ ಬರ್ದೇ ಇರೋಳ್ನ ನಿಮ್ಮಪ್ಪನ ಮನೇಲೇ ಬುಟ್ಟು ಬತ್ತೀನಿ” ಎಂದು ಬೀದಿಗೆ ಕೇಳುವಂತೆ ಕೂಗಾಡಿದ್ದರು. ಅವರು ಯಾರ ಕೈಯಿಂದ ಎಂದು ಕೇಳಿದಾಗ ನನ್ನ ಕೈಯಿಂದ ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಎರಡು ದಿನ ಬೈಗುಳ ತಿಂದರೆ ಮುಗಿಯುತ್ತದೆ ಎಂದುಕೊಂಡೆ. ನಿನಗೂ ಏನೂ ಆಗಿರಲಿಲ್ಲ, ಅರ್ಧ ಗಂಟೆಯಲ್ಲಿ ಆಡುತ್ತಿದ್ದೆ.

ಆರನೇ ತಿಂಗಳಲ್ಲಿ ನಿನ್ನ ಎಡಮುಷ್ಟಿ ಬಿಚ್ಚಲಿಲ್ಲ. ಆಗ ನಿಜ ಹೇಳಿದ್ದರೆ ಅಕ್ಕನನ್ನು ಹೊರಗೆ ಹಾಕುತ್ತಿದ್ದರು. ನಿನ್ನನ್ನು ನೋಡಿಕೊಳ್ಳುವವರು ಯಾರು? ನನ್ನನ್ನೇ ಊರಿಗೆ ಕಳಿಸಿದರು.

ನನ್ನನ್ನು ದೊಡ್ಡವಳನ್ನಾಗಿ ಮಾಡಬೇಡ. ನರ್ಸಿಂಗ್ ಸೇರಬೇಕೆಂದಿದ್ದೆ. ಮಗು ಬೀಳಿಸಿದವಳಿಗೆ ನರ್ಸಿಂಗ್ ಏಕೆ ಎಂದು ನಮ್ಮಪ್ಪನೇ ಕೇಳಿದರು. ನೋಡಲು ಬಂದ ಒಂದು ಗಂಡಿನ ಕಡೆಯವರು ಈ ಸುದ್ದಿ ಕೇಳಿ ಮತ್ತೆ ಬರಲಿಲ್ಲ. ಇವು ಯಾವುದಕ್ಕೂ ನಾನು ಅಕ್ಕನನ್ನು ದೂರಿಲ್ಲ. ಆದರೆ ನಮ್ಮಪ್ಪ ತೀರಿಕೊಂಡಾಗ ಅವಳು ಬಂದು, ಹೆಣದ ಆ ಕಡೆ ಕುಳಿತು, ನನ್ನ ಜೊತೆ ಒಂದು ಮಾತೂ ಆಡದೆ ಎದ್ದು ಹೋದಳು. ಅದನ್ನು ಮಾತ್ರ ನನ್ನಿಂದ ಮರೆಯಲಾಗಿಲ್ಲ. ಅವಳು ನಾಚಿಕೆಯಿಂದ ಸುಮ್ಮನಿದ್ದಳು ಎಂದು ಈಗ ನೀನು ಬರೆದಿದ್ದೀಯ. ನನಗೆ ಆಗ ಅನ್ನಿಸಿದ್ದೇ ಬೇರೆ. ಅವಳೂ ಆ ಸುಳ್ಳನ್ನೇ ನಂಬಿಬಿಟ್ಟಿದ್ದಾಳೆ ಎಂದುಕೊಂಡೆ. ಹೇಳಿ ಹೇಳಿ ನನಗೇ ಒಂದೊಂದು ಸಲ, ನನ್ನ ಕೈಯಿಂದಲೇ ಬಿದ್ದಿತೇನೋ ಎನ್ನಿಸಿದ್ದುಂಟು.

ಯುಗಾದಿಗೆ ಬಟ್ಟೆ ತಂದಿಟ್ಟಿದ್ದೇನೆ. ಕಳಿಸಲು ಮನಸ್ಸಾಗಲಿಲ್ಲ.

ಅಕ್ಕ ಸದ್ಯಕ್ಕೆ ಇಲ್ಲಿಗೆ ಬರುವುದು ಬೇಡ. ಸಮಾಧಾನ ಹೇಳುವಷ್ಟು ತ್ರಾಣ ನನಗಿಲ್ಲ. ಮೊದಲು ಹೇಳಬೇಕಾದವರಿಗೆ ಹೇಳಲಿ.

ಚಿಕ್ಕಮ್ಮ


ಚಿಕ್ಕಲಸಂದ್ರ
9 ಮೇ 2025

ಚಿಕ್ಕಮ್ಮ,

ನಿನ್ನ ಕಾಗದವನ್ನು ಅಮ್ಮನ ಕೈಗೇ ಕೊಟ್ಟೆ. ತಪ್ಪಾಗಿದ್ದರೆ ಬೈಯಿ. ಅವಳು ಅದನ್ನು ಓದಿ ನಾಲ್ಕು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಸೋಮವಾರ ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಅರ್ಪಿತ ನೀರು ಬರುವ ಹೊತ್ತು ಕೇಳಲು ಇಳಿದುಬಂದರು. ಅಜ್ಜಿ ಜಗಲಿಯಲ್ಲಿ ಹುಣಸೆಬೀಜ ತೆಗೆಯುತ್ತಿದ್ದಳು. ನನ್ನ ಕಾಲು ನೋಡಿ ಅರ್ಪಿತ ಏನೋ ಕೇಳಿದರು, ಅಜ್ಜಿ ಶುರು ಮಾಡಿದಳು. ‘ಇವ್ಳ ಚಿಕ್ಕಮ್ಮ’ ಎನ್ನುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

“ವಿಮ್ಲಿ ಅಲ್ಲ ಅತ್ತೆ. ನಾನು.”

“ಏನ್ ನೀನು?”

“ಮಗೂನ ಬೀಳಿಸಿದ್ದು ನಾನು. ಅವಳು ನನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೊಂಡ್ಲು. ಬಿದ್ದಿದ್ದರಿಂದ ಹೇಮಂಗೆ ಏನೂ ಆಗಿಲ್ಲ, ಹೊಟ್ಟೇಲಿದ್ದಾಗ್ಲೇ ಆಗಿದ್ದು ಅಂತ ಡಾಕ್ಟ್ರು ಬರ್ದು ಕೊಟ್ಟಿದ್ದಾರೆ. ಇನ್ಮೇಲೆ ಅವಳ ಹೆಸರು ಹೇಳ್ಬೇಡಿ.”

ಅರ್ಪಿತ ಪಾಪ, ಎತ್ತ ನೋಡಬೇಕೆಂದು ತಿಳಿಯದೆ ನಲ್ಲಿಯನ್ನು ನೋಡುತ್ತ ನಿಂತರು.

“ಇಪ್ಪತ್ತೆರಡ್ ವರ್ಸ ಬುಟ್ಟು ಯೋಳ್ತಿದ್ದೀಯಲ್ಲ ನೀನು” ಎಂದಳು ಅಜ್ಜಿ.

“ಅವತ್ತೇ ಹೇಳಿದ್ರೆ ನನ್ನನ್ನ ಈ ಮನೇಲಿ ಇಟ್ಕೊತಿದ್ರಾ?”

ಅಜ್ಜಿ ಎರಡು ಮೂರು ಹುಣಸೆಬೀಜ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ, “ಆ ತಲೆ ನೋಡೋ ಮಿಸನ್ನು ಅವತ್ತೇ ಇರ್ಬಾರ್ದಾಗಿತ್ತಾ?” ಎಂದಳು. ಅಷ್ಟೇ. ನಿನ್ನನ್ನು ಕ್ಷಮೆ ಕೇಳುತ್ತಾಳೆಂದು ಕಾಯಬೇಡ. ಆದರೆ ಗುರುವಾರ ನೆಂಟರು ಬಂದಾಗ, “ಹುಟ್ಟಿದಾಗ್ಲೇ ಹಿಂಗಿದ್ಲು” ಎಂದಷ್ಟೇ ಹೇಳಿ ಕಾಫಿ ಕುಡಿದಳು.

ಅಧ್ಯಯನ ಮುಗಿಯಿತು. ಡಬ್ಬಿಯ ಮುಚ್ಚಳ ತೆಗೆಯುವುದು ಜನವರಿಗಿಂತ ನಾಲ್ಕು ಸೆಕೆಂಡು ಬೇಗವಾಗಿದೆಯಂತೆ. ನಾಲ್ಕು ತಿಂಗಳಿಗೆ ನಾಲ್ಕು ಸೆಕೆಂಡು! ಮೈತ್ರೇಯಿ ಮೇಡಂಗೆ ಖುಷಿ. ನನಗೆ ನಿದ್ದೆ ಬಂದರೆ ಸಾಕಾಗಿದೆ. ಸಿಟ್ಟೂ ಇಳಿದಿದೆ, ಹೇಗೆ ಇಳಿಯಿತೋ ಗೊತ್ತಾಗಲಿಲ್ಲ.

ಅಮ್ಮ ನಿನ್ನ ನಂಬರ್ ಕೇಳಿದಳು. ನಿಮ್ಮ ಇಲಾಖೆಯ ಆಫೀಸಿಗೆ ಫೋನ್ ಮಾಡಿ ತೆಗೆದುಕೊಂಡು ಕೊಟ್ಟಿದ್ದೇನೆ. ಫೋನ್ ಹಿಡಿದುಕೊಂಡು ಮಹಡಿಗೆ ಹೋಗುತ್ತಾಳೆ, ಹಾಗೆಯೇ ಇಳಿದು ಬರುತ್ತಾಳೆ.

ಹೇಮಾ


ಕೊಪ್ಪಳ
16 ಮೇ 2025

ಹೇಮಾ,

ನಿನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ಫೋನ್ ಬಂತು. ಗೊತ್ತಿಲ್ಲದ ನಂಬರು. “ನಾನು” ಎಂದಿತು ಒಂದು ಹೆಂಗಸಿನ ದನಿ. ಯಾರೋ ಹುಡುಗಿಯ ತಾಯಿ ಎಂದುಕೊಂಡು, “ಅಡ್ಮಿಷನ್ನು ಜೂನಿನಲ್ಲಿ ರೀ, ಈಗ ರಜೆ” ಎಂದೆ. ಆಮೇಲೆ, “ನಾನು... ಹೇಮನ ಅಮ್ಮ” ಎಂದಳು. ಒಟ್ಟಿಗೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನಾವು. ಅವಳ ದನಿ ನನಗೆ ಗುರುತು ಸಿಗಲಿಲ್ಲ. ‘ನಿನ್ನ ಅಕ್ಕ’ ಎಂದು ಹೇಳಿಕೊಳ್ಳುವ ಧೈರ್ಯ ಅವಳಿಗೂ ಬರಲಿಲ್ಲ.

ಏನು ಮಾತಾಡಿದೆವು ಎಂದು ಕೇಳುತ್ತೀಯ. ತಿಂಡಿ ಆಯಿತೇ, ಏನು ಸಾರು, ಅಲ್ಲಿ ಬಿಸಿಲು ಹೇಗೆ, ಅಷ್ಟೇ. “ಅತ್ತೆಗೆ ಹೇಳ್ದೆ” ಎಂದಳು. “ಹೂಂ” ಎಂದೆ. “ಬರ್ತೀಯಾ ಮನೆಗೆ?” ಎಂದಳು. ಆ ಮನೆಯ ಬಾಗಿಲು ದಾಟುವ ಮನಸ್ಸು ನನಗೆ ಇನ್ನೂ ಬಂದಿಲ್ಲ. ಹಾಗೆಯೇ ಹೇಳಿದೆ. “ಹಾಗಾದ್ರೆ ನಾನೇ ಬರ್ಲಾ?” ಎಂದಳು. ಬೇಡ ಎನ್ನಬೇಕೆಂದೇ ಬಾಯಿ ತೆರೆದೆ, “ಬಾ” ಎಂದು ಬಂತು.

ಅವಳು ಒಬ್ಬಳೇ ಇಷ್ಟು ದೂರ ಬಂದವಳಲ್ಲ. ನೀನು ಕರೆದುಕೊಂಡು ಬಾ. ಬೆಳಿಗ್ಗೆ ರೈಲು ಇಳಿದರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಇಲ್ಲಿ ವಿಪರೀತ ಸೆಕೆ, ಫ್ಯಾನು ಒಂದೇ ಇದೆ, ಹೊಂದಿಸಿಕೊಳ್ಳಬೇಕು.

ನಾನು ಬಹಳ ಮಾತಾಡುತ್ತೇನೆಂದು ಅವಳು ಅಂದುಕೊಳ್ಳದಿರಲಿ. ಅವಳು ಅತ್ತರೆ ಅಳಲಿ. ಹುಡುಗಿಯರೆಲ್ಲ ಊರಿಗೆ ಹೋಗಿದ್ದಾರೆ, ಹಾಸ್ಟೆಲ್ ಖಾಲಿ ಇದೆ, ಕೇಳುವವರು ಯಾರೂ ಇಲ್ಲ.

ಚಿಕ್ಕಮ್ಮ